ಹುತ್ತರಿ ಫೋಟೋ 412, ಒಟ್ಟು 3.7 ಜಿಬಿ: ಒಕ್ಕದವರಿಗೆಲ್ಲ ಕಳಿಸಲು ಎಷ್ಟಕ್ಕೆ ಇಳಿಸಬೇಕು?

ಕದಿರು (ಪ್ರಶ್ನೆ)

ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ನಮ್ಮ ಒಕ್ಕದ (ಒಂದೇ ಮನೆತನದವರ) ಐನ್‌ಮನೆಯಲ್ಲಿ, ಅಂದರೆ ಮೂಲ ಮನೆಯಲ್ಲಿ, ತೆಗೆದ 412 ಫೋಟೋ ಲ್ಯಾಪ್‌ಟಾಪಲ್ಲಿವೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಒಂದೊಂದೂ 6000 × 4000, ಸರಾಸರಿ 9 ಎಂಬಿಯ ಜೆಪೆಗ್. ನೆರೆ ಕಟ್ಟಿದ್ದು (ಎಲೆಗಳನ್ನು ಸೇರಿಸಿ ಕಟ್ಟುವ ಶಾಸ್ತ್ರ), ಗದ್ದೆಯಲ್ಲಿ ಕದಿರು ತೆಗೆದದ್ದು ರಾತ್ರಿಯ ಫೋಟೋಗಳು. ಮಾರನೇ ಬೆಳಗ್ಗೆ ಮಂಜಲ್ಲಿ ತೋಟ, ಗದ್ದೆ. ಆಮೇಲೆ ಮನೆ ಮೆಟ್ಟಿಲ ಮೇಲೆ ಇಡೀ ಒಕ್ಕದ ಗ್ರೂಪ್ ಫೋಟೋ, ನೂರಕ್ಕೂ ಹೆಚ್ಚು ಜನ.

ಹೋಗಬೇಕಾದ ಕಡೆ: ಒಕ್ಕದ ವಾಟ್ಸಾಪ್ ಗ್ರೂಪ್, ಮೇಲ್ ಮಾತ್ರ ನೋಡುವ ನಾಲ್ಕೈದು ಹಿರಿಯರು, ಮನೆಯ ಟಿವಿ, ಮತ್ತೆ ಒಂದಿಷ್ಟು ಪ್ರಿಂಟ್. ಇಲ್ಲಿ ಅಪ್‌ಲೋಡ್ ವೇಗ 1 ಎಂಬಿಪಿಎಸ್ ಸಿಕ್ಕರೆ ಪುಣ್ಯ. ಲ್ಯಾಪ್‌ಟಾಪ್ ವಿಂಡೋಸ್.

ಈಗಾಗಲೇ ಎಡವಿದ್ದು:
1. ವಾಟ್ಸಾಪಿಗೆ ಹಾಕಿದ ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿನವರು ಯಾರೆಂದೇ ತಿಳಿಯುವುದಿಲ್ಲ.
2. ಒಂದು ಸಾಫ್ಟ್‌ವೇರಲ್ಲಿ ಎಲ್ಲ ಒಟ್ಟಿಗೆ ಇಳಿಸಿದಾಗ ಉದ್ದುದ್ದ ಹಿಡಿದ ಫೋಟೋಗಳೆಲ್ಲ ಅಡ್ಡ ಮಲಗಿದವು.
3. ಕೆಂಪು ರೇಷ್ಮೆ ಸೀರೆಗಳು ಫೋನಲ್ಲಿ ಮಂಕಾಗಿ ಕಾಣುತ್ತವೆ, ಜರಿ ಅಂಚಲ್ಲಿ ಕೆಂಪು ಹರಡಿದ ಹಾಗೆ.
4. ಮಿತಿ 25 ಎಂಬಿ ಎಂದಿದ್ದರೂ 22 ಎಂಬಿ ಲಗತ್ತಿಸಿದ ಮೇಲ್ ವಾಪಸ್ ಬಂತು.

ಎಷ್ಟು ಪಿಕ್ಸೆಲ್, ಎಷ್ಟು ಕ್ವಾಲಿಟಿ, ಯಾವ ಕ್ರಮದಲ್ಲಿ?

ಬ್ರಹ್ಮಗಿರಿ

ಮೊದಲು ಲೆಕ್ಕ. 6000 × 4000 ಎಂದರೆ 2.4 ಕೋಟಿ ಪಿಕ್ಸೆಲ್. ಉದ್ದದ ಬದಿಯನ್ನು 2048ಕ್ಕೆ ತಂದರೆ 2048 × 1365, ಅಂದರೆ ಸುಮಾರು 28 ಲಕ್ಷ. ಬದಿ ಮೂರನೇ ಒಂದಕ್ಕೆ ಇಳಿದರೆ ಪಿಕ್ಸೆಲ್ ಎಂಟೊಂಬತ್ತನೇ ಒಂದಕ್ಕೆ ಇಳಿಯುತ್ತೆ. ಫೈಲೂ ಹೆಚ್ಚುಕಮ್ಮಿ ಅದರ ಹಿಂದೆಯೇ ಹೋಗುತ್ತೆ. ಸರಾಸರಿ ಮುಕ್ಕಾಲು ಎಂಬಿ ಅಂತ ಹಿಡಿಯಿರಿ, 412ಕ್ಕೂ ಸೇರಿ ಸುಮಾರು 310 ಎಂಬಿ. ನಿಮ್ಮ 1 ಎಂಬಿಪಿಎಸ್ಸಿನಲ್ಲಿ (ಸೆಕೆಂಡಿಗೆ 1 ಮೆಗಾಬಿಟ್, ಅಂದರೆ ಒಂದು ಎಂಬಿಯ ಎಂಟನೇ ಒಂದು) 3.7 ಜಿಬಿ ಏರಲು ಎಂಟು ಗಂಟೆ ಮೀರುತ್ತೆ, ಅದೂ ನಡುವೆ ಕರೆಂಟ್ ಹೋಗದಿದ್ದರೆ. 310 ಎಂಬಿಗೆ ಮುಕ್ಕಾಲು ಗಂಟೆಯೊಳಗೆ ಕೆಲಸ ಮುಗಿಯುತ್ತೆ.

ಯಾಕೆ 2048? ಫುಲ್ ಎಚ್‌ಡಿ ಟಿವಿ 1920 × 1080. ಅದರಲ್ಲಿ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತೆ, ಫೋನಲ್ಲಿ ಎರಡು ಬೆರಳಲ್ಲಿ ಎಳೆದು ನೋಡಿದರೂ ಒಡೆಯುವುದಿಲ್ಲ, 4 × 6 ಇಂಚು ಪ್ರಿಂಟಿಗೂ ಸಾಲುತ್ತೆ. ಮನೆ ಟಿವಿ 4ಕೆ ಆಗಿದ್ದರೆ (3840 × 2160) ಟಿವಿಗೆ ಅಂತ ಬೇರೆ ಸೆಟ್ ಮಾಡಬೇಡಿ. ಪೆನ್‌ಡ್ರೈವಿಗೆ ಮೂಲ ಫೋಟೋವನ್ನೇ ಹಾಕಿ. ಪೆನ್‌ಡ್ರೈವಿಗೆ ನೆಟ್ ಬೇಕಿಲ್ಲ.

ವಿಂಡೋಸಲ್ಲಿ ಇರ್ಫಾನ್‌ವ್ಯೂ ಎಂಬ ಸಾಫ್ಟ್‌ವೇರ್ ಸಾಕು. ಮನೆ ಬಳಕೆಗೆ ಉಚಿತ. ಹೋಮ್‌ಸ್ಟೇ ಜಾಹೀರಾತಿನಂಥ ವ್ಯಾಪಾರದ ಕೆಲಸಕ್ಕೆ ಲೈಸೆನ್ಸ್ ಕೊಳ್ಳಬೇಕು, ಇದನ್ನು ಓದುವ ಬೇರೆಯವರಿಗೆ ಹೇಳಿದ್ದು.

ಮೂಲ ಫೋಟೋ ಇರುವ ಫೋಲ್ಡರನ್ನು ಮುಟ್ಟಬೇಡಿ, ಪಕ್ಕದಲ್ಲಿ 'ಸಣ್ಣದು' ಅಂತ ಖಾಲಿ ಫೋಲ್ಡರ್ ಮಾಡಿ. ಇರ್ಫಾನ್‌ವ್ಯೂ ತೆರೆದು ಬಿ ಒತ್ತಿದರೆ ಬ್ಯಾಚ್ ಕನ್ವರ್ಷನ್ ಕಿಟಕಿ ಬರುತ್ತೆ. ಫೋಟೋಗಳನ್ನೆಲ್ಲ ಸೇರಿಸಿ, ಔಟ್‌ಪುಟ್ ಡೈರೆಕ್ಟರಿಗೆ 'ಸಣ್ಣದು' ಆರಿಸಿ. ಇಲ್ಲಿ ಅವಸರದಲ್ಲಿ 'ಯೂಸ್ ಕರೆಂಟ್' ಬಟನ್ ಒತ್ತಿದರೆ ಹೊಸದೂ ಹಳೆಯದೂ ಒಂದೇ ಫೋಲ್ಡರಿಗೆ ಬೀಳುತ್ತೆ. ಮೇಲೆ ಬರೆಯುವ ಟಿಕ್ ಕೂಡ ಇದ್ದರೆ ಮೂಲವೇ ಹೋಯಿತು. ಫಾರ್ಮ್ಯಾಟ್ ಜೆಪಿಜಿ (ಜೆಪೆಗ್ ಅಂದರೂ ಅದೇ), ಪಕ್ಕದ ಆಪ್ಶನ್ಸ್ ಒಳಗೆ ಕ್ವಾಲಿಟಿ ನೂರಕ್ಕೆ 82. ನಂತರ ಅಡ್ವಾನ್ಸ್‌ಡ್ ಟಿಕ್ ಮಾಡಿ ಅದರ ಬಟನ್ ಒತ್ತಿ. ಅಲ್ಲಿ ರೀಸೈಜ್ ಕೆಳಗೆ ಅಗಲ, ಎತ್ತರ ತುಂಬಬೇಡಿ. ಉದ್ದದ ಬದಿ ಎಂಬ ಆಯ್ಕೆ, ಅಂದರೆ 'ಲಾಂಗ್ ಸೈಡ್' ಆರಿಸಿ 2048 ಕೊಡಿ. ಅಗಲಕ್ಕೆ 2048 ಎಂದು ಕೊಟ್ಟರೆ ನಿಂತ ಫೋಟೋಗಳು 2048 × 3072 ಆಗಿ, ಅಡ್ಡ ಫೋಟೋದ ಎರಡೂಕಾಲು ಪಟ್ಟು ಪಿಕ್ಸೆಲ್ ಹೊತ್ತು ಕೂರುತ್ತವೆ. ರೀಸ್ಯಾಂಪಲ್ ಟಿಕ್ ಇರಲಿ. ಸಣ್ಣದನ್ನು ದೊಡ್ಡದು ಮಾಡಬೇಡ ಎಂಬ ಟಿಕ್ಕೂ ಇರಲಿ. ಹಾಗೇ ಎಕ್ಸಿಫ್ (ಕ್ಯಾಮೆರಾ ಫೋಟೋ ಜೊತೆ ಫೈಲಲ್ಲಿ ಬರೆದಿಡುವ ಮಾಹಿತಿ) ನೋಡಿ ತಾನೇ ತಿರುಗಿಸುವ 'ಆಟೋ ರೊಟೇಟ್' ಹುಡುಕಿ ಟಿಕ್ ಮಾಡಿ.

ನಿಮ್ಮ ಎರಡನೇ ತೊಂದರೆಗೆ ಮದ್ದು ಆ ಕೊನೆಯ ಟಿಕ್. ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದರೂ ಸೆನ್ಸರ್ ಬರೆಯುವುದು ಅಡ್ಡ ಚಿತ್ರವನ್ನೇ. ಜೊತೆಗೆ 'ಇದನ್ನು 90 ಡಿಗ್ರಿ ತಿರುಗಿಸಿ ತೋರಿಸು' ಅಂತ ಎಕ್ಸಿಫಲ್ಲಿ ಒಂದು ಅಂಕೆ ಇಡುತ್ತೆ, 1ರಿಂದ 8ರೊಳಗಿನ ಅಂಕೆ. 1 ಎಂದರೆ ತಿರುಗಿಸಬೇಕಿಲ್ಲ. ನಿಮ್ಮ ಹಳೇ ಸಾಫ್ಟ್‌ವೇರ್ ಆ ಅಂಕೆಯನ್ನು ಓದದೆ ಎಕ್ಸಿಫನ್ನು ಕಿತ್ತು ಹಾಕಿದೆ. ಅದಕ್ಕೇ ಮಲಗಿದ್ದು. ಇದರ ತಿರುಗುಮುರುಗೂ ಉಂಟು: ಚಿತ್ರವನ್ನು ನಿಜವಾಗಿ ತಿರುಗಿಸಿಯೂ ಅಂಕೆಯನ್ನು 1ಕ್ಕೆ ತರದೆ ಬಿಡುವ ಸಾಫ್ಟ್‌ವೇರ್. ಆಗ ನೋಡುವ ಫೋನ್ ಇನ್ನೊಮ್ಮೆ ತಿರುಗಿಸುತ್ತೆ. ಹಾಗಾಗಿ 412ನ್ನೂ ಬಿಡುವ ಮೊದಲು ಎರಡು ನಿಂತ, ಎರಡು ಅಡ್ಡ ಫೋಟೋ ಇಳಿಸಿ, ಫೋನಿಗೆ ಕಳಿಸಿ ನೋಡಿ.

ಮೇಲ್ ವಾಪಸ್ ಬಂದದ್ದಕ್ಕೆ ಕಾರಣ ಸರಳ. ಲಗತ್ತು ಮೇಲಲ್ಲಿ ಹೋಗುವಾಗ ಬೇಸ್64 ಎಂಬ ಅಕ್ಷರರೂಪಕ್ಕೆ ಬದಲಾಗುತ್ತೆ. ಮೂರು ಬೈಟ್ ನಾಲ್ಕಾಗುತ್ತೆ. ನಿಮ್ಮ 22 ಎಂಬಿ ದಾರಿಯಲ್ಲಿ 29 ಎಂಬಿ ದಾಟಿತ್ತು. ಒಂದು ಮೇಲಿಗೆ 15 ಎಂಬಿ ಮೀರಬೇಡಿ, 2048ರ ಫೋಟೋ ಇಪ್ಪತ್ತು ಹಿಡಿಸುತ್ತೆ. ಹಿರಿಯರಿಗೆ ಇಪ್ಪತ್ತು ಆರಿಸಿ ಕಳಿಸಿದರೆ ಅವರೂ ನೋಡುತ್ತಾರೆ. 412 ಕಳಿಸಿದರೆ ಒಂದನ್ನೂ ನೋಡುವುದಿಲ್ಲ.

ಹಾರಂಗಿ

ಇಷ್ಟೆಲ್ಲ ಯಾಕೆ? ಡಿಪಿಐ 300 ಇರೋದನ್ನು 72 ಮಾಡಿ, ಎಲ್ಲ ಸೇರಿಸಿ ಜಿಪ್ ಮಾಡಿ ಕಳಿಸಿ. ಸ್ಕ್ರೀನಿಗೆ 72 ಸಾಕು.

ಬ್ರಹ್ಮಗಿರಿ

ಎರಡೂ ಕೆಲಸಕ್ಕೆ ಬಾರವು. ಡಿಪಿಐ ಎಂಬುದು ಫೈಲಲ್ಲಿ ಬರೆದಿಟ್ಟ ಒಂದು ಅಂಕೆ, ಪ್ರಿಂಟರಿಗೆ ಸೂಚನೆ. 6000 × 4000 ಫೋಟೋಗೆ 300 ಬರೆದರೂ 72 ಬರೆದರೂ ಪಿಕ್ಸೆಲ್ 2.4 ಕೋಟಿಯೇ, ಫೈಲ್ 9 ಎಂಬಿಯೇ. ಕೆಲವು ಸಾಫ್ಟ್‌ವೇರಲ್ಲಿ ರೀಸ್ಯಾಂಪಲ್ ಟಿಕ್ ಇದ್ದಾಗ 72 ಕೊಟ್ಟರೆ ಪಿಕ್ಸೆಲ್ ಕೂಡ ಇಳಿಯುತ್ತೆ, ಅದರಿಂದ ಈ ನಂಬಿಕೆ ಹುಟ್ಟಿದೆ. ಆಗ 300ರಿಂದ 72ಕ್ಕೆ ಇಳಿದು 1440 × 960 ಉಳಿಯುತ್ತೆ. ಬೇಕಾದದ್ದು ಅದೇ ಆದರೆ ನೇರವಾಗಿ 1440 ಎಂದೇ ಕೊಡಬಹುದಲ್ಲ.

ಜೆಪೆಗ್ ಆಗಲೇ ಹಿಂಡಿದ ಫೈಲ್. ಜಿಪ್ ಮಾಡಿದರೆ ನೂರಕ್ಕೆ ಒಂದೆರಡು ಕಮ್ಮಿಯಾದರೆ ಹೆಚ್ಚು. ಇಪ್ಪತ್ತು ಫೈಲನ್ನು ಒಂದು ಗಂಟು ಕಟ್ಟಲು ಜಿಪ್ ಸರಿ, ಗಾತ್ರ ಇಳಿಸಲು ಅಲ್ಲ. ಅದನ್ನು ಫೋನಲ್ಲಿ ಬಿಚ್ಚಲು ಗೊತ್ತಿಲ್ಲದವರೇ ಒಕ್ಕದಲ್ಲಿ ಹೆಚ್ಚಿರುತ್ತಾರೆ.

ಕರಿಮೆಣಸು

ಕ್ವಾಲಿಟಿ 82 ಎಲ್ಲದಕ್ಕೂ ಒಂದೇ ಅಂತ ಬಿಟ್ಟರೆ ಕೊಡಗಿನ ಫೋಟೋಗಳಿಗೆ ಹೊಂದುವುದಿಲ್ಲ. ಮೂರು ಗುಂಪು ಮಾಡಿ: ತೋಟ, ಮಂಜು, ರಾತ್ರಿ.

ಜೆಪೆಗ್ ಚಿತ್ರವನ್ನು 8 × 8 ಪಿಕ್ಸೆಲ್ಲಿನ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕದಲ್ಲಿ ಎಷ್ಟು ಏರಿಳಿತ ಇದೆ ಅಂತ ಬರೆದಿಡುತ್ತೆ. ಕಾಫಿ ಗಿಡ, ಅದರ ಮೇಲೆ ಸಿಲ್ವರ್ ಓಕ್, ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಇರುವ ಫೋಟೋದಲ್ಲಿ ಎಲ್ಲ ಚೌಕದಲ್ಲೂ ಎಲೆಯೇ, ಏರಿಳಿತವೇ. ಬರೆದಿಡುವುದು ಜಾಸ್ತಿ, ಫೈಲ್ ದೊಡ್ಡದು. 2048ಕ್ಕೆ ಇಳಿಸಿದರೂ 1 ಎಂಬಿ ಸುಲಭವಾಗಿ ದಾಟುತ್ತೆ. ಅದೇ ಅಳತೆಯ ಮಂಜಿನ ಫೋಟೋ 250, 300 ಕೆಬಿಗೆ ನಿಲ್ಲುತ್ತೆ, ಚೌಕಗಳಲ್ಲಿ ಬರೆಯಲು ಏನೂ ಇಲ್ಲ.

ಇದನ್ನು ನೋಡಿ ಜನ ಮಾಡುವ ತಪ್ಪು: ದೊಡ್ಡ ಫೈಲಿನ ಕ್ವಾಲಿಟಿ ಕಾಪಾಡಬೇಕು, ಸಣ್ಣದನ್ನು ಇನ್ನಷ್ಟು ಹಿಂಡಬಹುದು ಅಂತ. ಆಗಬೇಕಾದ್ದು ಉಲ್ಟಾ. ಎಲೆಗಳ ನಡುವೆ ಹಿಂಡಿದ ಕಲೆ ಅಡಗಿಕೊಳ್ಳುತ್ತೆ, 75ಕ್ಕೆ ಇಳಿಸಿದರೂ ಫೋನಲ್ಲಿ ಯಾರಿಗೂ ಗೊತ್ತಾಗಲ್ಲ. ಮಂಜು ಬಿಳಿಯಿಂದ ಬೂದಿಗೆ ನಿಧಾನ ಜಾರುವ ಬಣ್ಣ. ಅಲ್ಲಿ ಕ್ವಾಲಿಟಿ ಇಳಿಸಿದ ಕೂಡಲೇ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತೆ, ಚೌಕಗಳ ಅಂಚೂ ಎದ್ದು ಕಾಣುತ್ತೆ. ಮಂಜಿನವನ್ನು 90ರಲ್ಲಿ ಇಡಿ, ಹೇಗೂ ಫೈಲ್ ಸಣ್ಣದೇ. ಆದರೂ ಪಟ್ಟೆ ಕಂಡರೆ ಜಿಂಪ್ ಎಂಬ ಉಚಿತ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ಕಣ್ಣಿಗೆ ಕಾಣಿಸದಷ್ಟು ನಾಯ್ಸ್ (ಸಣ್ಣ ಚುಕ್ಕೆಗಳ ಕಲೆ) ಸೇರಿಸಿ, ಪಟ್ಟೆ ಒಡೆದು ಹೋಗುತ್ತೆ.

ರಾತ್ರಿಯವು ಐಎಸ್‌ಒ (ಕ್ಯಾಮೆರಾ ಬೆಳಕು ಹಿಡಿಯುವ ಸೂಕ್ಷ್ಮತೆ) 3200, 6400ರಲ್ಲಿ ತೆಗೆದಿರಬೇಕು. ಆ ನಾಯ್ಸ್ ಕೂಡ ಜೆಪೆಗ್ ಕಣ್ಣಿಗೆ ಏರಿಳಿತವೇ, ಆದ್ದರಿಂದ ಕತ್ತಲೆ ಗದ್ದೆಯ ಫೋಟೋ ಕೂಡ ತೋಟದಷ್ಟೇ ದಪ್ಪಗಿರುತ್ತೆ. ಇಳಿಸುವುದೇ ಇದಕ್ಕೆ ಔಷಧಿ. 6000ದಿಂದ 2048ಕ್ಕೆ ಬರುವಾಗ ಸುಮಾರು ಎಂಟೂವರೆ ಪಿಕ್ಸೆಲ್ ಸೇರಿ ಒಂದಾಗುತ್ತೆ, ನಾಯ್ಸ್ ಮೂರನೇ ಒಂದರಷ್ಟಕ್ಕೆ ಇಳಿಯುತ್ತೆ. ಈ ಗುಂಪಿಗೆ ಶಾರ್ಪನ್ (ಅಂಚು ಚೂಪು ಮಾಡುವುದು) ಹಾಕಲೇಬೇಡಿ, ಇಳಿದ ನಾಯ್ಸನ್ನು ಎಬ್ಬಿಸಿ ಕೂರಿಸಿದ ಹಾಗಾಗುತ್ತೆ.

ಹಗಲಿನವಕ್ಕೆ ಇಳಿಸಿದ ನಂತರ ಸ್ವಲ್ಪ ಶಾರ್ಪನ್ ಬೇಕು, ಅಂಚುಗಳು ಮೆತ್ತಗಾಗಿರುತ್ತವೆ. ಜಿಂಪಲ್ಲಾದರೆ ಫಿಲ್ಟರ್ಸ್, ಎನ್‌ಹಾನ್ಸ್, ಶಾರ್ಪನ್, ರೇಡಿಯಸ್ 0.5, ಅಮೌಂಟ್ ಅರ್ಧದ ಆಸುಪಾಸು. ಇರ್ಫಾನ್‌ವ್ಯೂನಲ್ಲಿ ರೀಸ್ಯಾಂಪಲ್ ವಿಧಾನಕ್ಕೆ ಲ್ಯಾಂಕ್‌ಜೋಸ್ ಆರಿಸಿದರೆ ಅದೇ ಸಾಕಷ್ಟು ಚೂಪು ಕೊಡುತ್ತೆ. ಅತಿಯಾಯಿತು ಅಂತ ಹೇಗೆ ಗೊತ್ತು? ಕಪ್ಪು ಕುಪ್ಯ (ಕೊಡವರ ಉದ್ದ ಕೋಟು) ತೊಟ್ಟವರು ಬಿಳಿ ಗೋಡೆ ಮುಂದೆ ನಿಂತ ಫೋಟೋ ತೆಗೆಯಿರಿ. ಭುಜದ ಸುತ್ತ ಬಿಳಿ ಗೆರೆ ಎದ್ದಿದ್ದರೆ ಅತಿಯಾಗಿದೆ.

ಈಗ ಸೀರೆ. ಅದರಲ್ಲಿ ಎರಡು ಬೇರೆ ರೋಗ ಸೇರಿಕೊಂಡಿವೆ.

ಕೆಂಪು ಹರಡಿದ್ದು ಕ್ರೋಮಾ ಸಬ್‌ಸ್ಯಾಂಪ್ಲಿಂಗಿನಿಂದ. ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿದಷ್ಟು ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ ಎಂಬ ಲೆಕ್ಕದಲ್ಲಿ ಜೆಪೆಗ್ ಬಣ್ಣವನ್ನು ಅರ್ಧ ಅಗಲ, ಅರ್ಧ ಎತ್ತರದಲ್ಲಿ ಇಡುತ್ತೆ, 4:2:0 ಅಂತ ಕರೆಯೋದು ಅದನ್ನೇ. ಎಲೆ, ಮುಖ, ಗೋಡೆಗೆ ನಡೆಯುತ್ತೆ. ಗಾಢ ಕೆಂಪಿನ ಪಕ್ಕದಲ್ಲೇ ಜರಿ ಬಂದರೆ ಸಿಕ್ಕಿಬೀಳುತ್ತೆ. ಜಿಂಪಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ ಅಡ್ವಾನ್ಸ್‌ಡ್ ಬಿಚ್ಚಿ ಸಬ್‌ಸ್ಯಾಂಪ್ಲಿಂಗ್ 4:4:4 ಮಾಡಿ. ಇರ್ಫಾನ್‌ವ್ಯೂನ ಜೆಪಿಜಿ ಆಪ್ಶನ್ಸಲ್ಲಿ ಕ್ರೋಮಾ ಸಬ್‌ಸ್ಯಾಂಪ್ಲಿಂಗ್ ನಿಲ್ಲಿಸುವ ಟಿಕ್ ಇದೆ. ಫೈಲ್ ಸ್ವಲ್ಪ ಊದುತ್ತೆ. ಸೀರೆ ಇರುವ ಫೋಟೋಗೆ ಮಾತ್ರ ಮಾಡಿದರಾಯ್ತು.

ಮಂಕಾದದ್ದು ಬಣ್ಣದ ಪ್ರೊಫೈಲಿನಿಂದ, ಅಂದರೆ ಫೈಲಲ್ಲಿರುವ ಬಣ್ಣದ ಅಂಕೆಗಳನ್ನು ಹೇಗೆ ಓದಬೇಕು ಎಂಬ ಸೂಚನೆಯಿಂದ. ಅಡೋಬಿ ಆರ್‌ಜಿಬಿ, ಎಸ್‌ಆರ್‌ಜಿಬಿ ಅಂಥ ಎರಡು ಪದ್ಧತಿಗಳು. ಫೈಲ್ ಹೆಸರು ಅಡಿಗೆರೆಯಿಂದ ಶುರುವಾಗುತ್ತಾ ನೋಡಿ. ಕ್ಯಾಮೆರಾ ಅಡೋಬಿ ಆರ್‌ಜಿಬಿಯಲ್ಲಿದ್ದರೆ ಹೆಸರಿನ ಮೊದಲ ಅಕ್ಷರ ಅಡಿಗೆರೆ ಆಗುತ್ತೆ, ಕ್ಯಾಮೆರಾ ಕಂಪನಿಗಳೆಲ್ಲ ಪಾಲಿಸುವ ನಿಯಮ ಅದು. ಇಳಿಸುವಾಗ ಪ್ರೊಫೈಲ್ ಉದುರಿಹೋದರೆ ಫೋನ್ ಅದನ್ನು ಎಸ್‌ಆರ್‌ಜಿಬಿ ಅಂತ ಊಹಿಸಿ ತೋರಿಸುತ್ತೆ. ಕೆಂಪು ಇಟ್ಟಿಗೆ ಬಣ್ಣಕ್ಕೆ, ಹಸಿರು ಒಣಗಿದ ಎಲೆಗೆ ಇಳಿಯುತ್ತೆ. ಜಿಂಪಲ್ಲಿ ಇಮೇಜ್ ಮೆನು, ಕಲರ್ ಮ್ಯಾನೇಜ್‌ಮೆಂಟ್, ಕನ್ವರ್ಟ್ ಟು ಕಲರ್ ಪ್ರೊಫೈಲ್, ಎಸ್‌ಆರ್‌ಜಿಬಿ. 'ಅಸೈನ್' ಎಂಬ ಪಕ್ಕದ ಆಯ್ಕೆ ಒತ್ತಿದರೆ ಬಣ್ಣ ಕೆಟ್ಟದ್ದು ಹಾಗೇ ಉಳಿಯುತ್ತೆ, 'ಕನ್ವರ್ಟ್' ಆಗಬೇಕು. ನೂರಾರು ಇದ್ದರೆ ಡಾರ್ಕ್‌ಟೇಬಲ್ ಹಾಕಿಕೊಳ್ಳಿ, ಅದೂ ಉಚಿತ. ಎಲ್ಲ ಆರಿಸಿ ಎಕ್ಸ್‌ಪೋರ್ಟಲ್ಲಿ ಗರಿಷ್ಠ ಅಳತೆ 2048 × 2048, ಪ್ರೊಫೈಲ್ ಎಸ್‌ಆರ್‌ಜಿಬಿ, ಅಪ್‌ಸ್ಕೇಲಿಂಗ್ ಬೇಡ ಅಂತ ಕೊಟ್ಟರೆ ಮುಗೀತು. ಅಳತೆ ಎರಡೂ ಕಡೆ 2048 ಕೊಟ್ಟರೂ ಫೋಟೋ ಚೌಕ ಆಗಲ್ಲ, ಆ ಚೌಕದೊಳಗೆ ಹಿಡಿಸುವ ಹಾಗೆ ಇಳಿಯುತ್ತೆ. ಮುಂದಿನ ಹುತ್ತರಿಗೆ ಕ್ಯಾಮೆರಾವನ್ನೇ ಎಸ್‌ಆರ್‌ಜಿಬಿಗೆ ತಿರುಗಿಸಿಡಿ.

ಕದಿರು

ಹೌದು, ಎಲ್ಲ ಹೆಸರೂ ಅಡಿಗೆರೆಯಿಂದಲೇ ಶುರು. ಡಾರ್ಕ್‌ಟೇಬಲ್ ಹಾಕಿದೆ.

ಗ್ರೂಪ್ ಫೋಟೋಗೆ ಏನು ಮಾಡೋದು? 2048ಕ್ಕೆ ಇಳಿಸಿದ್ದೂ ವಾಟ್ಸಾಪಲ್ಲಿ ಅಷ್ಟಕ್ಕಷ್ಟೇ. ಇನ್ನೊಂದು, ಐನ್‌ಮನೆ ಇರುವ ಜಾಗದ ಗುರುತು ಫೋಟೋ ಜೊತೆ ಹೋಗುತ್ತೆ ಅಂತಾರೆ, ಹೌದಾ?

ಮಂಜಿನೂರು

ಗ್ರೂಪ್ ಫೋಟೋಗೆ ಪಿಕ್ಸೆಲ್ಲನ್ನು ತಲೆಗೆ ಹಂಚಿ ನೋಡಿ. ಒಂದು ಸಾಲಲ್ಲಿ 35 ಜನ ಅಂತಿಟ್ಟುಕೊಳ್ಳಿ. 6000 ಪಿಕ್ಸೆಲ್ ಅಗಲದಲ್ಲಿ ಒಬ್ಬರಿಗೆ ಸುಮಾರು 170. ಭುಜದಿಂದ ಭುಜಕ್ಕೆ ಅಷ್ಟಾದರೆ ಮುಖ ಅದರ ಮೂರನೇ ಒಂದು, 55ರಿಂದ 60. ಗುರುತು ಹಿಡಿಯಬಹುದು. ವಾಟ್ಸಾಪಿನ ಸ್ಟ್ಯಾಂಡರ್ಡ್ ಕ್ವಾಲಿಟಿ ಉದ್ದದ ಬದಿಯನ್ನು 1600ಕ್ಕೆ ತರುತ್ತೆ. ಆಗ ಒಬ್ಬರಿಗೆ 45, ಮುಖಕ್ಕೆ 15. ಹದಿನೈದು ಪಿಕ್ಸೆಲ್ ಅಂದರೆ ಜೆಪೆಗ್‌ನ ಎರಡು ಚೌಕದಷ್ಟು. ಅದರಲ್ಲಿ ಅಜ್ಜನೂ ಒಂದೇ, ಮೊಮ್ಮಗನೂ ಒಂದೇ. ನೀವು ಎಷ್ಟೇ ಚೆನ್ನಾಗಿ ಇಳಿಸಿ, ಶಾರ್ಪನ್ ಮಾಡಿ ಹಾಕಿದರೂ ಇಲ್ಲದ ಪಿಕ್ಸೆಲ್ ಎಲ್ಲಿಂದ ಬಂದೀತು.

ಎಚ್‌ಡಿ ಬಟನ್ ಒತ್ತಿ ಕಳಿಸಿದರೆ ಉದ್ದದ ಬದಿ 4000ದ ಹತ್ತಿರದವರೆಗೆ ಉಳಿಯುತ್ತೆ, ಫೋನ್ ಮತ್ತು ಆವೃತ್ತಿ ನೋಡಿಕೊಂಡು ಹೆಚ್ಚುಕಮ್ಮಿ. ಮುಖಕ್ಕೆ 38 ಪಿಕ್ಸೆಲ್ ಸಿಗುತ್ತೆ, ನಡೆಯುತ್ತೆ. ಪ್ರತಿ ಸಲ ಒತ್ತುವುದು ಬೇಡವಾದರೆ ಸೆಟ್ಟಿಂಗ್ಸ್, ಸ್ಟೋರೇಜ್ ಆ್ಯಂಡ್ ಡೇಟಾ, ಮೀಡಿಯಾ ಅಪ್‌ಲೋಡ್ ಕ್ವಾಲಿಟಿಯಲ್ಲಿ ಎಚ್‌ಡಿ ಇಡಬಹುದು. ಆದರೆ ಹಾಗಿಟ್ಟರೆ ದಿನದ ಶುಭೋದಯದ ಚಿತ್ರವೂ ಎಚ್‌ಡಿಯಲ್ಲೇ ಹೋಗುತ್ತೆ. ನಿಮ್ಮ ನೆಟ್ಟಿಗೆ ಬೇಡ.

ಒಳ್ಳೆಯದು ಡಾಕ್ಯುಮೆಂಟ್ ದಾರಿ. ಪಿನ್ ಗುರುತು ಒತ್ತಿ ಗ್ಯಾಲರಿ ಬದಲು ಡಾಕ್ಯುಮೆಂಟ್ ಆರಿಸಿ ಆ ಒಂದು ಫೋಟೋ ಕಳಿಸಿ. 9 ಎಂಬಿ ಇದ್ದದ್ದು 9 ಎಂಬಿಯಾಗೇ, ಒಂದು ಪಿಕ್ಸೆಲ್ ಬದಲಾಗದೆ ತಲುಪುತ್ತೆ. ಡಾಕ್ಯುಮೆಂಟಿನ ಮಿತಿ 2 ಜಿಬಿ. ತೊಂದರೆ ಏನೆಂದರೆ ಗುಂಪಲ್ಲಿ ಅದು ಫೋಟೋ ಹಾಗೆ ಕಾಣದೆ ಫೈಲ್ ಹಾಗೆ ಕೂರುತ್ತೆ, ಒತ್ತಿ ಇಳಿಸಿಕೊಳ್ಳಬೇಕು. ಆದ್ದರಿಂದ ಮೊದಲು ಮಾಮೂಲಿ ಫೋಟೋ ಹಾಕಿ, ಅದರ ಕೆಳಗೆ ಡಾಕ್ಯುಮೆಂಟ್ ಹಾಕಿ, 'ಮುಖ ನೋಡಲು ಇದನ್ನು ಒತ್ತಿ' ಎಂದು ಒಂದು ಸಾಲು ಬರೆಯಿರಿ.

ಮೂರನೆಯದು, ನನಗೆ ಹೆಚ್ಚು ಸರಿಕಂಡದ್ದು: ಮೂಲ ಫೋಟೋವನ್ನು ಎಡ, ನಡು, ಬಲ ಅಂತ ಮೂರು ತುಂಡು ಮಾಡಿ ಮಾಮೂಲಿ ಕ್ವಾಲಿಟಿಯಲ್ಲೇ ಕಳಿಸೋದು. ಒಂದೊಂದು ತುಂಡೂ 2200 ಅಗಲ, ಅಂಚಲ್ಲಿ ಒಬ್ಬರಿಬ್ಬರು ಎರಡೂ ಕಡೆ ಬರುವಷ್ಟು ಒಂದರ ಮೇಲೊಂದು ಹತ್ತಿರಲಿ. ಜನ ನಿಂತಷ್ಟು ಎತ್ತರವನ್ನು ಮಾತ್ರ, ಅಂದರೆ 2200 ಒಳಗೆ ಕತ್ತರಿಸಿ. ಇಡೀ 4000 ಎತ್ತರ ಬಿಟ್ಟರೆ ಅದೇ ಉದ್ದದ ಬದಿಯಾಗಿ ವಾಟ್ಸಾಪ್ ಮತ್ತೆ ಜಾಸ್ತಿ ಇಳಿಸುತ್ತೆ. ಹೀಗೆ ಮಾಡಿದರೆ 1600ಕ್ಕೆ ಇಳಿದ ಮೇಲೂ ಮುಖಕ್ಕೆ 40 ಪಿಕ್ಸೆಲ್ ಉಳಿಯುತ್ತೆ, ಹಿರಿಯರು ಏನೂ ಇಳಿಸಿಕೊಳ್ಳಬೇಕಿಲ್ಲ.

ಜಾಗದ ಗುರುತು: ಕ್ಯಾಮೆರಾಗೆ ಜಿಪಿಎಸ್ ಇಲ್ಲದಿದ್ದರೆ ಇರುವುದಿಲ್ಲ. ಫೋನಲ್ಲಿ ಲೊಕೇಶನ್ ಆನ್ ಇದ್ದು ತೆಗೆದದ್ದಾದರೆ ಅಕ್ಷಾಂಶ ರೇಖಾಂಶ ಎಕ್ಸಿಫಲ್ಲಿ ಇರುತ್ತೆ. ಮಾಮೂಲಿ ಫೋಟೋವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ತೆಗೆದುಹಾಕುತ್ತೆ. ಡಾಕ್ಯುಮೆಂಟ್, ಮೇಲ್, ಡ್ರೈವ್ ಲಿಂಕ್ ಮೂರರಲ್ಲೂ ಹಾಗೇ ಹೋಗುತ್ತೆ. ತೆಗೆಯಲು ವಿಂಡೋಸಲ್ಲಿ ಫೈಲ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಡೀಟೇಲ್ಸ್, ತಳದಲ್ಲಿ ವೈಯಕ್ತಿಕ ಮಾಹಿತಿ ಅಳಿಸುವ ಸಾಲು. ಎಲ್ಲ ಅಳಿಸಿದರೆ ತೆಗೆದ ದಿನಾಂಕವೂ ಹೋಗಿ ಮುಂದೆ ಫೋಟೋಗಳು ಕಲಸಿಬಿಡುತ್ತವೆ, ಜಿಪಿಎಸ್ ಮಾತ್ರ ಆರಿಸಿ ಅಳಿಸಿ. ವಾಟ್ಸಾಪಲ್ಲಿ ಹೋದ ಪ್ರತಿಯಲ್ಲಿ ಹೇಗೂ ದಿನಾಂಕ ಉಳಿಯದು, ಹೆಸರೂ ಬದಲಾಗುತ್ತೆ. ಅದನ್ನೇ ಮೂಲ ಅಂತ ಯಾರೂ ಎತ್ತಿಡಬಾರದು.

ಕಿತ್ತಳೆತೋಟ

ಲ್ಯಾಪ್‌ಟಾಪ್ ಇಲ್ಲದವರು? ಫೋನಲ್ಲೇ ತೆಗೆದು ಫೋನಲ್ಲೇ ಇಳಿಸಬೇಕು. ಹಾಗೇ ಬ್ಯಾಂಕ್ ಪರೀಕ್ಷೆ ಅರ್ಜಿಗೆ ಫೋಟೋ 50 ಕೆಬಿ ಒಳಗೆ ಕೇಳ್ತಾರೆ, ಎಷ್ಟು ಮಾಡಿದರೂ 'ಫೈಲ್ ದೊಡ್ಡದು' ಅನ್ನುತ್ತೆ.

ಕರಿಮೆಣಸು

ಸ್ಯಾಮ್‌ಸಂಗ್ ಗ್ಯಾಲರಿಯಲ್ಲಿ ಎಡಿಟ್ ಒಳಗಿನ ಮೆನುವಿನಲ್ಲಿ ರೀಸೈಜ್ ಇದೆ. ಐಫೋನಿನ ಮೇಲ್ ಆ್ಯಪ್ ಕಳಿಸುವಾಗ ಸಣ್ಣದೋ ಮಧ್ಯಮವೋ ಅಂತ ತಾನೇ ಕೇಳುತ್ತೆ. ಬೇರೆ ಫೋನಿಗೆ ಬ್ರೌಸರಲ್ಲಿ ಸ್ಕ್ವೂಶ್ ಎಂಬ ಜಾಲತಾಣ ತೆರೆಯಿರಿ, ಫೋಟೋ ಎಲ್ಲೂ ಅಪ್‌ಲೋಡ್ ಆಗದೆ ಫೋನಲ್ಲೇ ಇಳಿಯುತ್ತೆ, ಒಂದು ಸಲಕ್ಕೆ ಒಂದೇ. ಸಿಕ್ಕಸಿಕ್ಕ ರೀಸೈಜ್ ಆ್ಯಪಿಗೆ ಇಡೀ ಗ್ಯಾಲರಿಯ ಅನುಮತಿ ಕೊಡಬೇಡಿ. ಐಫೋನಿನ ಫೋಟೋ ಹೈಕ್ (HEIC, ಜೆಪೆಗ್ ಅಲ್ಲದ ಬೇರೆ ಫಾರ್ಮ್ಯಾಟ್) ಆಗಿದ್ದರೆ ಎಷ್ಟೋ ಅರ್ಜಿ ತಾಣಗಳು ಒಪ್ಪುವುದಿಲ್ಲ. ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಮಾಡಿದರೆ ಜೆಪೆಗಲ್ಲೇ ತೆಗೆಯುತ್ತೆ.

50 ಕೆಬಿ ಗೋಳಿಗೆ ಕಾರಣ ಎಲ್ಲರೂ ಕ್ವಾಲಿಟಿಯನ್ನು ಹಿಂಡುತ್ತಾರೆ, ಅಳತೆ ಮುಟ್ಟುವುದಿಲ್ಲ. 4000 × 3000 ಫೋಟೋವನ್ನು ಕ್ವಾಲಿಟಿ 5ಕ್ಕೆ ತಂದರೂ 50 ಕೆಬಿ ಆಗಲ್ಲ, ಮುಖ ಮಾತ್ರ ಕೆಡುತ್ತೆ. ಮೊದಲು ತಲೆ, ಭುಜಕ್ಕೆ ಕತ್ತರಿಸಿ, ನಂತರ ಅಳತೆ. ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅರ್ಜಿ ಕೇಳುವುದು ಫೋಟೋ 200 × 230 ಪಿಕ್ಸೆಲ್, 20ರಿಂದ 50 ಕೆಬಿ. ಸಹಿ 140 × 60, 10ರಿಂದ 20 ಕೆಬಿ. ಅಷ್ಟು ಸಣ್ಣ ಅಳತೆಗೆ ಕ್ವಾಲಿಟಿ 90ರ ಮೇಲೆ ಇಟ್ಟರೂ 50 ದಾಟದು. ಕೆಲವು ಸಲ 20ಕ್ಕಿಂತ ಕೆಳಗೆ ಬಿದ್ದು 'ತೀರ ಸಣ್ಣದು' ಅಂತ ತಿರಸ್ಕಾರ ಆಗುತ್ತೆ, ಆಗ ಕ್ವಾಲಿಟಿ 100 ಮಾಡಿ. ಅಳತೆಯನ್ನು ಸೆಂಟಿಮೀಟರಲ್ಲಿ ಕೊಟ್ಟಿದ್ದರೆ, 3.5 × 4.5 ಸೆಂ.ಮೀ. ಎಂದರೆ 300 ಡಿಪಿಐ ಲೆಕ್ಕಕ್ಕೆ 413 × 531 ಪಿಕ್ಸೆಲ್.

ಕದಿರು

412 ಇಳಿಸಿದ್ದು 331 ಎಂಬಿ ಆಯಿತು. ಫೋಲ್ಡರಲ್ಲಿ ಮಾತ್ರ 411 ಇವೆ. ಪ್ರಿಂಟಿಗೆ ಸ್ಟುಡಿಯೋದವರು ವಾಟ್ಸಾಪಲ್ಲಿ ಕಳಿಸಿ ಅಂತಾರೆ, ಕಳಿಸಬಹುದಾ?

ಬ್ರಹ್ಮಗಿರಿ

ಎರಡೂ ಫೋಲ್ಡರನ್ನು ಹೆಸರಿನ ಕ್ರಮದಲ್ಲಿ ಜೋಡಿಸಿ ಪಕ್ಕಪಕ್ಕ ಇಡಿ, ಯಾವುದು ತಪ್ಪಿದೆ ಅಂತ ಕಾಣುತ್ತೆ. ಆಮೇಲೆ ಸಣ್ಣ ಫೋಲ್ಡರನ್ನು ಗಾತ್ರದ ಕ್ರಮಕ್ಕೆ ತಿರುಗಿಸಿ, 0 ಕೆಬಿ ಅಥವಾ 20, 30 ಕೆಬಿಯವು ಮೇಲೆ ಬಂದರೆ ನಡುವೆ ನಿಂತುಹೋದ ಫೈಲ್ ಅವು. ಮೂಲ ಫೋಟೋವೇ ತೆರೆಯದಿದ್ದರೆ ಕಾರ್ಡಿನಿಂದ ಕಾಪಿ ಮಾಡುವಾಗ ಕೆಟ್ಟಿರಬಹುದು. ಕಾರ್ಡನ್ನು ಅಲ್ಲಿಯವರೆಗೆ ಫಾರ್ಮ್ಯಾಟ್ ಮಾಡಬೇಡಿ.

ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಲೆಕ್ಕ: 4 × 6ಕ್ಕೆ 1200 × 1800, 8 × 12ಕ್ಕೆ 2400 × 3600, 12 × 18ಕ್ಕೆ 3600 × 5400. ವಾಟ್ಸಾಪಿನ 1600ದಲ್ಲಿ 4 × 6 ಮಾಡಿದರೆ 267 ಸಿಗುತ್ತೆ, ಅಷ್ಟೇನೂ ಮೋಸವಿಲ್ಲ. 8 × 12 ಮಾಡಿದರೆ 133ಕ್ಕೆ ಇಳಿದು ಮೆತ್ತಗಾಗುತ್ತೆ. ಗೋಡೆಗೆ ಹಾಕುವ ಗ್ರೂಪ್ ಫೋಟೋವನ್ನು ಮೂಲದಿಂದಲೇ ಮಾಡಿಸಿ, ಮಡಿಕೇರಿಗೋ ಗೋಣಿಕೊಪ್ಪಕ್ಕೋ ಹೋಗುವಾಗ ಪೆನ್‌ಡ್ರೈವ್ ಒಯ್ಯಿರಿ. 6000 × 4000ಕ್ಕೆ 12 × 18ರಲ್ಲಿ 333 ಸಿಗುತ್ತೆ, 20 × 30ರಲ್ಲೂ 200; ನಾಲ್ಕಡಿ ದೂರದಿಂದ ನೋಡುವ ಗೋಡೆಗೆ ಸಾಕು.

ಮಂಜಿನೂರು

ಒಂದು ಸೇರಿಸಲಿಕ್ಕಿದೆ. ಕ್ಯಾಮೆರಾದ ಫೋಟೋ 3:2, 4 × 6 ಕಾಗದಕ್ಕೆ ಸರಿಯಾಗಿ ಕೂರುತ್ತೆ. ಬೇರೆಯವರ ಫೋನಲ್ಲಿ ತೆಗೆದವು ಸಾಮಾನ್ಯವಾಗಿ 4:3. ಆರು ಇಂಚು ಅಗಲಕ್ಕೆ ಹೊಂದಿಸಿದರೆ ಎತ್ತರ ನಾಲ್ಕೂವರೆ ಆಗುತ್ತೆ, ಮೆಶಿನ್ ಮೇಲೆ ಕಾಲು, ಕೆಳಗೆ ಕಾಲು ಇಂಚು ಕತ್ತರಿಸುತ್ತೆ. ಹಿಂದಿನ ಸಾಲಿನ ಪೇಟ, ಮುಂದೆ ಕುಳಿತ ಮಕ್ಕಳ ಕಾಲು ಹೋಗುವುದು ಹೀಗೆ. ಆ ಫೋಟೋಗಳನ್ನು ನೀವೇ 3:2ಕ್ಕೆ ಕತ್ತರಿಸಿ ಕೊಡಿ, ಇಲ್ಲವೇ ಬಿಳಿ ಅಂಚು ಬಿಟ್ಟು ಪೂರ್ತಿ ಹಾಕಿ ಅಂತ ಸ್ಟುಡಿಯೋದಲ್ಲಿ ಹೇಳಿ.

ಕದಿರು

ತಪ್ಪಿದ್ದು ಸಿಕ್ಕಿತು: ನೆಲ್ಲಕ್ಕಿ ನಡುಬಾಡೆಯ (ಐನ್‌ಮನೆಯ ನಡುಮನೆ) ದೀಪದ ಫೋಟೋ, 0 ಕೆಬಿ. ಕಾರ್ಡಲ್ಲಿ ಮೂಲ ಇದೆ, ಮತ್ತೆ ಕಾಪಿ ಮಾಡಿ ಇಳಿಸಿದೆ. ಗ್ರೂಪ್ ಫೋಟೋ ಮೂರು ತುಂಡಾಗಿ ಹೋಗಿದೆ, ಹಿಂದಿನ ಸಾಲಿನವರ ಹೆಸರು ಬರೆಯಲು ಶುರು ಮಾಡಿದ್ದಾರೆ.